ಗೋರಖಪುರಕ್ಕೆ ಎರಡು ಬರ್ತ್

೩೧ ಮೇ ೧೯೮೬, ಶನಿವಾರ

ಆಳಂದದ ಮೇ ತಿಂಗಳಲ್ಲಿ ಒಬ್ಬ ಹೆಂಗಸಿಗೆ ಉಣ್ಣೆ ಶಾಲು ಹೊದಿಸುವುದು ಸನ್ಮಾನವೋ ಶಿಕ್ಷೆಯೋ ನನಗೆ ಇನ್ನೂ ತಿಳಿದಿಲ್ಲ. ಹೋದ ವರ್ಷ ನಾನು ನಿವೃತ್ತಳಾದಾಗ ನನಗೆ ಹೊದಿಸಿದ್ದರು. ಇವತ್ತು ಮೆಹರಾಜಬೇಗಂ ಸರದಿ. ರಜೆಯಿದ್ದರೂ ಶಾಲೆಯ ಹಾಲ್ ತೆಗೆಸಿ, ಬೆಂಚು ಹಾಕಿಸಿ, ಬೀಳ್ಕೊಡುಗೆ ಇಟ್ಟಿದ್ದರು. ಇಪ್ಪತ್ತೆಂಟು ವರ್ಷ ಒಂದೇ ಶಾಲೆಯಲ್ಲಿ ಅವಳು ಉರ್ದು, ನಾನು ಗಣಿತ ಕಲಿಸಿದವರು. ಹೀಗಾಗಿ ಶಾಲು ಹೊದಿಸುವ ಕೆಲಸ ನನಗೇ ಬಂತು.

ರಂಜಾನ್ ತಿಂಗಳು, ಅವಳು ರೋಜಾ ಉಪವಾಸ ಹಿಡಿದಿದ್ದಳು. ಉಳಿದವರೆಲ್ಲ ಚಹಾ ಕುಡಿಯುವಾಗ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದಳು. ನಾನು ಶಾಲಿನ ಮಡಿಕೆ ಬಿಚ್ಚಿ ಸಿದ್ಧಳಾಗಿದ್ದೆ. ಆಗ ಅವಳ ಅಕ್ಕನ ಮಗ ಜಹೀರುದ್ದೀನ ಮೈಕಿನ ಮುಂದೆ ಬಂದು ನಿಂತ. ಬಸ್‌ಸ್ಟ್ಯಾಂಡಿನ ಹತ್ತಿರ ಕಟ್ಟಿಗೆ ಅಡ್ಡೆ ಇಟ್ಟಿರುವ ಮನುಷ್ಯ. ಮಾತು ಕಡಿಮೆ, ಇವತ್ತು ಮಾತ್ರ ಮೈಕು ಬಿಡಲಿಲ್ಲ.

"ನಮ್ಮ ಖಾಲಾನ ಹೆಸರು ಹಜ್ ಯಾದಿಯೊಳಗ ಬಂದದ್ರಿ. ಜುಲೈದಾಗ ಮುಂಬೈದಿಂದ ಹೊರಡೂದದ. ಜೋಡಿಗಿ ನಾನೂ ಹೋಗ್ತೇನಿ. ಎಲ್ಲಾರೂ ದುವಾ ಮಾಡ್ರಿ" ಎಂದ.

ಜನ ಚಪ್ಪಾಳೆ ತಟ್ಟಿದರು. ಕೆಲವರು ಎದ್ದು ನಿಂತು ತಟ್ಟಿದರು. ನಾನು ಮೆಹರಾಜಳ ಮುಖ ನೋಡಿದೆ. ಅವಳು ನೆಲ ನೋಡಿದಳು. ಅಷ್ಟರಲ್ಲೇ ತಿಳಿಯಿತು, ಇದು ಅವಳಿಗೆ ಹೊಸ ಸುದ್ದಿಯಲ್ಲ. ಹಜ್ ಅರ್ಜಿ ಹಾಕುವುದು ಚಳಿಗಾಲದಲ್ಲೇ. ಅಂದರೆ ಈ ಏಪ್ರಿಲ್‌ನಲ್ಲಿ ಗುಲ್ಬರ್ಗಾ ಸ್ಟೇಶನ್ನಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಗೋರಖಪುರಕ್ಕೆ ಎರಡು ಬರ್ತ್ ಮಾಡಿಸಿದಾಗ ಅವಳ ಅರ್ಜಿ ಆಗಲೇ ಮುಂಬೈ ಸೇರಿತ್ತು. ಕೆಳಗಿನ ಬರ್ತ್ ಬೇಕು, ಮೊಣಕಾಲು ನೋಯುತ್ತದೆ ಎಂದು ಬುಕಿಂಗ್ ಬಾಬುವಿನ ಜೊತೆ ವಾದ ಬೇರೆ ಮಾಡಿದ್ದಳು. ಅದೆಷ್ಟು ನಾಟಕ!

ಶಾಲನ್ನು ಕುರ್ಚಿಯ ಮೇಲೆ ಎಸೆದು ಮನೆಗೆ ಬಂದೆ. ಇಟ್ಟೆ ಎಂದು ಬರೆಯಬಹುದಿತ್ತು. ಎಸೆದದ್ದು ನಿಜ.

೧ ಜೂನ್, ಭಾನುವಾರ

ನಿದ್ದೆ ಬರಲಿಲ್ಲ ಎಂದು ಬರೆದರೆ ಅವಳಿಗೆ ದೊಡ್ಡಸ್ತಿಕೆ ಕೊಟ್ಟಂತಾಗುತ್ತದೆ. ಚೆನ್ನಾಗಿಯೇ ನಿದ್ದೆ ಬಂತು. ಎದ್ದ ಕೂಡಲೇ ಸಿಟ್ಟು ಬಂತು.

ಮೂರು ವರ್ಷ ಕಟ್ಟಿದ ಯೋಜನೆ. ತಲೆಯಲ್ಲಿ ಹುಳ ಬಿಟ್ಟವನು ನರೋಣಾದ ದತ್ತಪ್ಪ. ಪಲ್ಟನ್ನಿನಲ್ಲಿ ಗೋರ್ಖಾ ಜವಾನರ ಜೊತೆಗಿದ್ದು ಬಂದು ಈಗ ಶಾಲೆಯ ಎದುರು ಸೈಕಲ್ ಅಂಗಡಿ ಇಟ್ಟಿದ್ದಾನೆ. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ನಮ್ಮ ರೂಪಾಯಿ ಅಲ್ಲಿ ನಡೆಯುತ್ತದೆ, ನಿಮ್ಮ ಉರ್ದು ಮಾತು ಅವರಿಗೆ ತಿಳಿಯುತ್ತದೆ ಎಂದು ಒಂದು ದಿನ ಹೇಳಿದ. ಪೋಖರಾ ಎಂಬ ಊರಿನಲ್ಲಿ ಅವನ ಗೆಳೆಯನ ತಂಗಿ ಎರಡು ಕೋಣೆ ಬಾಡಿಗೆಗೆ ಕೊಡುತ್ತಾಳಂತೆ. ಮುಂದೆ ಕೆರೆ, ಹಿಂದೆ ಹಿಮದ ಬೆಟ್ಟ, ಬಾಡಿಗೆ ಗುಲ್ಬರ್ಗಾದ ಅರ್ಧ. ವಿದೇಶವೆಂದರೆ ವಿಮಾನ, ಸೂಟು, ಲಕ್ಷಾಂತರ ರೂಪಾಯಿ ಎಂದು ತಿಳಿದಿದ್ದ ನಾವಿಬ್ಬರೂ ಬಾಯಿ ತೆರೆದು ಕೇಳಿದೆವು.

ನಮ್ಮಿಬ್ಬರಿಗೂ ಹಿಂದೆ ಮುಂದೆ ಯಾರೂ ಇಲ್ಲ. ನನ್ನ ಗಂಡ ಮದುವೆಯಾದ ಮೂರನೇ ವರ್ಷಕ್ಕೆ ತೀರಿಕೊಂಡ. ಅವಳ ಗಂಡ ತಲಾಖ್ ಕೊಟ್ಟು ಹೈದರಾಬಾದಿಗೆ ಹೋದ. ಇದ್ದದ್ದು ನೌಕರಿ, ಈಗ ಪಿಂಚಣಿ. ಬೇಸಿಗೆಯಲ್ಲಿ ಹೊರಟು ದೀಪಾವಳಿಯವರೆಗೆ ಪೋಖರಾದಲ್ಲಿ ಇರುವುದು. ನವೆಂಬರಿನಲ್ಲಿ ಬಂದು ಖಜಾನೆ ಸಾಹೇಬನ ಮುಂದೆ ನಿಂತು ನಾವಿನ್ನೂ ಬದುಕಿದ್ದೇವೆ ಎಂದು ಮುಖ ತೋರಿಸುವುದು. ಬೇಸಿಗೆ ಹತ್ತಿರ ಬಂದಾಗ ಮತ್ತೆ ಹೋಗುವುದು. ಕಾಲು ಗಟ್ಟಿ ಇರುವತನಕ ಪ್ರತಿ ವರ್ಷ ಹೀಗೇ.

ದತ್ತಪ್ಪನ ಮೂಲಕ ಆ ಮನೆಯವಳಿಗೆ ನಾವು ಹಾಕಿದ ಮೊದಲ ಷರತ್ತು, ಸಂಡಾಸು ಮನೆಯೊಳಗೇ ಇರಬೇಕು. ಜೇವರ್ಗಿ ತಾಲೂಕಿನ ಅಂದೋಲಾದಲ್ಲಿ ನೌಕರಿಯ ಶುರುವಿನಲ್ಲಿ ನಾಲ್ಕು ವರ್ಷ ಇದ್ದೆ. ಹೊತ್ತು ಮುಳುಗುವತನಕ ತಡೆದುಕೊಂಡು ಭಾಗಾಕಾರ ಕಲಿಸಿದವಳು ನಾನು. ಬಿಸಿನೀರು ಬೇಕು, ಮಂಚ ಬೇಕು, ಮಂಚದ ಮೇಲೆ ಮೆತ್ತನೆಯ ಗಾದಿ ಬೇಕು. ಯಾವ ದೇವರ ಹರಕೆಯೂ ಇಲ್ಲ, ಯಾರ ಬಾಣಂತನವೂ ಇಲ್ಲ. ಆರಾಮ. ಬರೀ ಆರಾಮ.

ನಮ್ಮ ಊರು ಮುದುಕಿಯರನ್ನು ಎಲ್ಲಿಗೆ ಬೇಕಾದರೂ ಹೋಗಲು ಬಿಡುತ್ತದೆ, ಕಷ್ಟಪಡುವುದಾದರೆ. ಬರಿಗಾಲಲ್ಲಿ ನಡೆ, ಉಪವಾಸ ಮಾಡು, ಧರ್ಮಶಾಲೆಯ ನೆಲದ ಮೇಲೆ ಬಿದ್ದುಕೋ, ಕೈ ಮುಗಿಯುತ್ತಾರೆ. ಸುಖವಾಗಿರಲು ಹೋಗುತ್ತೇನೆ ಎನ್ನಲಿ, ಬಾಯಿ ಮೇಲೆ ಬೆರಳಿಡುತ್ತಾರೆ. ಇದನ್ನು ಮೆಹರಾಜ ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಹೇಳಿ ಹೇಳಿ ಕೊನೆಗೆ ತಾನೇ ದೇವರ ಸಾಲಿನಲ್ಲಿ ಹೋಗಿ ನಿಂತಳು.

೩ ಜೂನ್

ಬರಲಿಲ್ಲ. ಬರುವ ಮುಖವೆಲ್ಲಿದೆ?

೬ ಜೂನ್, ಶುಕ್ರವಾರ

ಮಾದನಹಿಪ್ಪರಗಾದಿಂದ ತಮ್ಮ ಬಸವಂತರಾಯ ಬಂದಿದ್ದ. ಬಸ್ಸಿನ ಧೂಳೆಲ್ಲ ಅವನ ಟೋಪಿಯ ಮೇಲಿತ್ತು. ಒಂದು ಚೀಲ ಸೇಂಗಾ ತಂದಿದ್ದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಮುಖದಲ್ಲಿ ಸಮಾಧಾನ ಕಂಡು ನನಗೆ ಇನ್ನಷ್ಟು ಉರಿಯಿತು.

ಒಳ್ಳೆಯವನು, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಕಳಿಸಬಹುದಿತ್ತು. ಉಂಡು, ಎಲೆ ಅಡಿಕೆ ಹಾಕಿಕೊಂಡು, ನಿಧಾನವಾಗಿ ಶುರು ಮಾಡಿದ. ಅವಳು ತನ್ನ ದೇವರ ಕಡೆ ಹೋದಳು, ಒಳ್ಳೆಯದೇ ಆಯಿತಂತೆ. ನಾನೂ ಕಾಶಿಗೆ ಹೊರಡಬೇಕಂತೆ. ಅವನು, ಅವನ ಹೆಂಡತಿ, ನಾನು, ಮೂವರೂ. ಖರ್ಚು ಅವನದು.

"ನೇಪಾಳಕ್ಕ ಅಂದ್ರ ಮಂದೀಗಿ ಏನಂತ ಹೇಳ್ಲಿ ಅಕ್ಕಾ? ನಮ್ಮಕ್ಕ ಆರ್ ತಿಂಗಳು ಪರದೇಶದಾಗ ಸುಮ್ನ ಕುಂತಾಳ ಅಂತ ಹೇಳ್ಬೇಕೇನು?"

"ಹಂಗೇ ಹೇಳು. ಸುಮ್ನ ಕುಂದರ್ಲಿಕ್ಕೇ ಹೊಂಟೇನಿ. ಕೊರಳಾಗ ಲಿಂಗ ಅದ, ಅದನ್ನ ಬಿಟ್ಟು ಕಾಶಿದಾಗ ಏನ್ ಹುಡುಕ್ಲಿ?" ಎಂದೆ.

ನಮ್ಮದು ಬಸವಣ್ಣನವರ ಒಕ್ಕಲು. ಅವನು ಸೇಂಗಾ ಚೀಲದ ಬಾಯಿ ಬಿಗಿದು ಕಟ್ಟಿದ. ಹೋಗುವಾಗ ಮಾತ್ರ, ಹಾಗಾದರೆ ನೀನೊಬ್ಬಳೇ ಹೋಗುತ್ತೀಯಾ ಎಂದು ಕೇಳಿದ. ಬಸ್ಸು ತಪ್ಪುತ್ತದೆ ನಡಿ ಎಂದೆ.

೧೧ ಜೂನ್

ಈದ್ ಮುಗಿಯಿತು. ಪ್ರತಿ ವರ್ಷ ಶೀರ್‌ಖುರ್ಮಾ ಪಾಯಸ ಅವಳೇ ತರುತ್ತಿದ್ದಳು, ನನ್ನ ಅಡುಗೆಮನೆಯಲ್ಲೇ ಕೂತು ನನ್ನ ಪಾಲಿನಿಂದ ಖಾರೀಕು ಖರ್ಜೂರ ಆರಿಸಿ ತಿನ್ನುತ್ತಿದ್ದಳು. ಈ ವರ್ಷ ಜಹೀರುದ್ದೀನನ ಹೆಂಡತಿ ವಜೀರುನ್ನಿಸಾಳ ಕೈಯಲ್ಲಿ ಡಬ್ಬಿ ಕಳಿಸಿದಳು. ನನಗೆ ಸಕ್ಕರೆ ಆಗುವುದಿಲ್ಲ ಎಂದು ಹೇಳಿ ಡಬ್ಬಿ ಹಾಗೇ ವಾಪಸು ಕಳಿಸಿದೆ. ಸಕ್ಕರೆ ಆಗುತ್ತದೆ ಎಂದು ವಜೀರುನ್ನಿಸಾಗೂ ಗೊತ್ತು, ನನ್ನ ಕೈಯಲ್ಲೇ ಕಲಿತ ಹುಡುಗಿ. ಪಾಪ, ತಲೆ ತಗ್ಗಿಸಿ ಹೋದಳು.

ಸಂಜೆ ಬರೀ ರೊಟ್ಟಿ ಉಂಡೆ.

೧೫ ಜೂನ್, ಭಾನುವಾರ

ಈ ಊರಿನ ತಲೆಗೆ ಏನನ್ನೂ ನೆಟ್ಟಗೆ ತುಂಬಲಿಕ್ಕಾಗುವುದಿಲ್ಲ. ನಾನು ನೇಪಾಳಕ್ಕೆ ಹೋಗುವೆನೆಂದು ತಿಳಿದು ಪಶುಪತಿನಾಥನಿಗೆ ಕೊಡಲು ಜನ ಏನೇನೋ ತರತೊಡಗಿದ್ದಾರೆ. ಒಬ್ಬರು ಹನ್ನೊಂದು ರೂಪಾಯಿ, ಒಬ್ಬರು ಬೆಳ್ಳಿಯ ಕಣ್ಣು. ಪಕ್ಕದ ಮನೆಯ ರುಕ್ಮಿಣಿಬಾಯಿ ಸತ್ತ ಮಾವನ ಬೂದಿ ತಂದು ಕಟ್ಟೆಯ ಮೇಲೆ ಇಟ್ಟಳು, ಅಲ್ಲಿ ಹೊಳೆ ಇದೆಯಲ್ಲ ಎಂದು. ನಾನು ಗುಡಿಗೆ ಹೋಗುವುದಿಲ್ಲ ಎಂದೆ. ನಕ್ಕಳು. ಕೆರೆ ನೋಡಿಕೊಂಡು ಕೂರುತ್ತೇನೆ ಎಂದೆ. ಇನ್ನೂ ನಕ್ಕಳು. ಬೂದಿಯ ಗಡಿಗೆ ಅವಳ ಕೈಗೇ ಕೊಟ್ಟು ಬಾಗಿಲು ಹಾಕಿಕೊಂಡೆ.

ಸಂಜೆ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದೆ. ಅಲ್ಲಿ ಗಿರಣಿಯ ಕರೀಮಸಾಬ ಹೇಳಿದ, ಮೆಹರಾಜಬಾಯಿ ಮಾಫಿ ಕೇಳಲು ಶುರು ಮಾಡಿದ್ದಾರಂತೆ. ಅವರಲ್ಲಿ ಹಜ್‌ಗೆ ಹೋಗುವವರು ಹೊರಡುವ ಮೊದಲು ಮನೆಮನೆಗೆ ಹೋಗಿ, ಆಡಿದ್ದು ಅಂದದ್ದು ಮರೆತು ಮಾಫ್ ಮಾಡಿ ಎಂದು ಕೇಳಬೇಕು. ನೋಯಿಸಿದವರು ಮಾಫ್ ಮಾಡದೆ ಹೋದರೆ ಆ ಭಾರ ಹೊತ್ತುಕೊಂಡೇ ಹೋಗಬೇಕಾಗುತ್ತದಂತೆ. ದೂರದ ದಾರಿ, ವಾಪಸು ಬರುವ ಭರವಸೆ ಯಾರಿಗೂ ಇರುವುದಿಲ್ಲವಲ್ಲ. ನಿನ್ನೆ ಗಿರಣಿಗೆ ಬಂದಿದ್ದಳಂತೆ. ಹಿಟ್ಟು ದಪ್ಪ ಬಿಟ್ಟನೆಂದು ಯಾವಾಗಲೋ ಬೈದಿದ್ದಕ್ಕೆ ಕೈ ಜೋಡಿಸಿದಳಂತೆ. ಹೇಳುವಾಗ ಕರೀಮಸಾಬನ ಕಣ್ಣು ತುಂಬಿತು. ನನ್ನದು ತುಂಬಲಿಲ್ಲ.

ಬರಲಿ. ನನ್ನ ಬಾಗಿಲಿಗೂ ಬರಲೇಬೇಕಲ್ಲ. ಹಿಟ್ಟಿನ ಮಾತಿಗೇ ಮಾಫಿ ಕೇಳುವವಳು ಮೂರು ವರ್ಷದ ಮೋಸಕ್ಕೆ ಕೇಳದೆ ಇರುತ್ತಾಳೆಯೇ? ಇಲ್ಲ ಎನ್ನುತ್ತೇನೆ. ಊರೆಲ್ಲ ಹೂಂ ಅನ್ನಲಿ, ನಾನೊಬ್ಬಳು ಇಲ್ಲ ಎನ್ನುತ್ತೇನೆ. ಒಳಗೆ ಕರೆಯಬಾರದು, ಕಟ್ಟೆಯ ಮೇಲೇ ನಿಲ್ಲಿಸಿ ಹೇಳಬೇಕು. ಅಳಲಿ, ಬಿಡಲಿ.

೧೮ ಜೂನ್, ಬುಧವಾರ

ನಾಳೆ ನಮ್ಮ ಗಾಡಿ. ಗುಲ್ಬರ್ಗಾಕ್ಕೆ ಹೋಗಿ ಎರಡೂ ಬರ್ತ್ ರದ್ದು ಮಾಡಿಸಿ ಬಂದೆ. ಒಂದನ್ನು ಉಳಿಸಿಕೊಂಡು ಹೋಗಬಹುದಿತ್ತು. ಒಬ್ಬಳೇ ಹೋಗಲು ನನಗೇನೂ ಅಂಜಿಕೆಯಿಲ್ಲ. ಆದರೆ ಅವಳು ಮಾಫಿ ಕೇಳಲು ಬಂದಾಗ ನಾನು ಊರಿನಲ್ಲಿ ಇಲ್ಲದಿದ್ದರೆ ಇಲ್ಲ ಎನ್ನುವವರು ಯಾರು? ಅದೊಂದು ಕೆಲಸ ಮುಗಿಸಿ ಹೊರಡುತ್ತೇನೆ. ದತ್ತಪ್ಪನಿಗೆ ಹೇಳಿ ಪೋಖರಾದವಳಿಗೆ ಜುಲೈಯಲ್ಲಿ ಬರುತ್ತೇನೆಂದು ತಿಳಿಸಿದ್ದೇನೆ.

೨೪ ಜೂನ್

ಪಕ್ಕದ ಮನೆಯತನಕ ಬಂದಿದ್ದಳು! ರುಕ್ಮಿಣಿಬಾಯಿಯ ಅಂಗಳದಲ್ಲಿ ಅವಳ ದನಿ ಕೇಳಿಸಿತು. ನಾನು ಮುಖ ತೊಳೆದು, ಸೀರೆ ಸರಿ ಮಾಡಿಕೊಂಡು, ಬಾಗಿಲ ಹಿಂದೆ ನಿಂತೆ. ಹೇಳಬೇಕಾದ ಮಾತು ಬಾಯಿಯಲ್ಲೇ ಇತ್ತು. ರುಕ್ಮಿಣಿಬಾಯಿಗೆ ಏನು ಅನ್ಯಾಯ ಮಾಡಿದ್ದಳೋ, ಬಹಳ ಹೊತ್ತು ಮಾತಾಡಿದಳು. ಆಮೇಲೆ ಚಪ್ಪಲಿಯ ಸಪ್ಪಳ. ಎಡಗಾಲು ಎಳೆದು ಹಾಕುವ ಆ ಸಪ್ಪಳ ನನಗೆ ಗೊತ್ತಿಲ್ಲವೇ? ನನ್ನ ಬಾಗಿಲ ಮುಂದೆ ಬಂತು. ಒಂದು ಗಳಿಗೆ ನಿಂತಿತು. ಮುಂದೆ ಹೋಯಿತು.

ಅಂದರೆ ನಾನು ರುಕ್ಮಿಣಿಬಾಯಿಗಿಂತ ಕಡೆಯೇ? ಮಾವನ ಬೂದಿ ಕಟ್ಟಿಕೊಂಡು ತಿರುಗುವ ಆ ಹೆಂಗಸಿಗಿಂತ?

೨೫ ಜೂನ್

ಇವತ್ತೂ ಬರಲಿಲ್ಲ. ಸಂತೆಗೆ ಹೋಗಲಿಲ್ಲ. ಮನೆಯಲ್ಲಿ ಉಳ್ಳಾಗಡ್ಡಿ ಕೂಡ ಇಲ್ಲ.

೩೦ ಜೂನ್, ಸೋಮವಾರ

ಮಳೆ ಬಂತು. ಜನ ಖುಷಿಯಾಗಿದ್ದಾರೆ. ಅವರಿಗೆ ಖುಷಿಯಾಗಲು ಏನಾದರೂ ನೆವ ಸಾಕು.

ಶಾಲೆಯ ಹಳೆಯ ಜವಾನ ಪೀರಪ್ಪ ಛತ್ರಿ ಹಿಡಿದುಕೊಂಡು ಬಂದಿದ್ದ. ಅವನನ್ನೂ ಬಿಟ್ಟಿಲ್ಲವಂತೆ. ಗಂಟೆ ಎರಡು ನಿಮಿಷ ಮೊದಲು ಬಾರಿಸಿದನೆಂದು ಯಾವಾಗಲೋ ರೇಗಿದ್ದಳಂತೆ, ಅದಕ್ಕೆ. ಅದು ಹೋಗಲಿ. ಮೊನ್ನೆ ಅಫಜಲಪುರಕ್ಕೆ ಹೋಗಿ ಕಸ್ತೂರಿಬಾಯಿಗೂ ಮಾಫಿ ಕೇಳಿ ಬಂದಳಂತೆ. ನಮ್ಮ ಹಿಂದಿನ ಹೆಡ್‌ಮಿಸ್ಟ್ರೆಸ್ ಕಸ್ತೂರಿಬಾಯಿ! ನಮಾಜಿಗೆ ಹೋಗಿ ಬರುವಷ್ಟರಲ್ಲಿ ತಡವಾಯಿತೆಂದು ಮೆಹರಾಜಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದ ಹೆಂಗಸು. ಅವಳೇ ಬಂದು ಇವಳ ಮುಂದೆ ಕೈ ಜೋಡಿಸಬೇಕು. ಮೆಹರಾಜ ಆ ಮೊಣಕಾಲು ಇಟ್ಟುಕೊಂಡು, ಮಳೆಯಲ್ಲಿ, ಆ ಕೆಂಪು ಬಸ್ಸಿನ ಹಿಂದಿನ ಸೀಟಿನಲ್ಲಿ ಕುಕ್ಕರಿಸಿಕೊಂಡು ಅಫಜಲಪುರಕ್ಕೆ ಹೋಗಬಹುದು. ನಾಲ್ಕು ಓಣಿ ದಾಟಿ ನನ್ನ ಮನೆಗೆ ಬರಲಾಗುವುದಿಲ್ಲ.

ಪೀರಪ್ಪ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟು ಹೇಳಿದ, "ಹೋದವರು ಎಲ್ಲಾರೂ ತಿರುಗಿ ಬರ್ತಾರಂತ ಇಲ್ರಿ ಬಾಯಾರ. ನಮ್ಮ ಹಸನಸಾಬ ಅಲ್ಲೇ ಮಣ್ಣಾದ. ನೀವೇ ಒಮ್ಮಿ ಅವರ ಮನಿಗಿ ಹೋಗಿ ಬರ್ರಿ."

ಹಸನಸಾಬನಿಗೆ ಎಂಬತ್ತಾಗಿತ್ತು, ಅವನ ಮಾತು ಬೇರೆ ಎಂದು ಗದರಿಸಿದೆ. ಪೀರಪ್ಪ ಛತ್ರಿಯನ್ನೂ ಮರೆತು ಹೋದ. ನಾನೇಕೆ ಹೋಗಬೇಕು? ತಪ್ಪು ಯಾರದು?

ಹಜ್‌ನಲ್ಲಿ ಬಹಳ ನಡೆಯಬೇಕಂತೆ. ಓಡಬೇಕು ಕೂಡ ಎನ್ನುತ್ತಾರೆ. ಜಹೀರುದ್ದೀನನಿಗೆ ಕಟ್ಟಿಗೆ ತೂಗುವುದು ಗೊತ್ತು, ಮೊಣಕಾಲಿಗೆ ಎಣ್ಣೆ ಹಚ್ಚುವುದು ಗೊತ್ತಿರಲಿಕ್ಕಿಲ್ಲ. ಪೋಖರಾಕ್ಕೆಂದು ತರಿಸಿಟ್ಟಿದ್ದ ಎರಡು ಸೀಸೆ ಎಣ್ಣೆಯಲ್ಲಿ ಒಂದನ್ನು ವಜೀರುನ್ನಿಸಾಳಿಗೆ ತಲುಪಿಸಿದೆ. ಯಾರು ಕೊಟ್ಟರೆಂದು ಹೇಳಕೂಡದು ಎಂದು ತಾಕೀತು ಮಾಡಿದ್ದೇನೆ. ಎಣ್ಣೆ ಬೇರೆ, ಸಿಟ್ಟು ಬೇರೆ.

೫ ಜುಲೈ, ಶನಿವಾರ

ಗುಲ್ಬರ್ಗಾಕ್ಕೆ ಹೋಗಿ ಹೊಸದಾಗಿ ಟಿಕೆಟ್ ಮಾಡಿಸಿದೆ. ಮುಂಬೈಗೆ ಮೊದಲು ಬರುವ ಕಲ್ಯಾಣದವರೆಗೆ ಮುಂಬೈ ಗಾಡಿ, ಅಲ್ಲಿಂದ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಗಡಿ. ಒಂದೇ ಬರ್ತ್. ಹದಿಮೂರನೆಯ ತಾರೀಖು ಸಂಜೆಯ ಗಾಡಿ. ಅವಳೂ ಅದೇ ಗಾಡಿಗೆ ಹೋಗುತ್ತಾಳೆಂದು ಪೀರಪ್ಪ ಹೇಳಿದ್ದ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹನ್ನೆರಡಕ್ಕೆ ಬಸವಂತರಾಯ ಬರುತ್ತಾನೆ, ಹದಿನಾಲ್ಕು ನನಗೆ ಇಷ್ಟವಿಲ್ಲ. ಬುಕಿಂಗ್ ಬಾಬು ಹದಿನೈದಕ್ಕೆ ಕಿಟಕಿಯ ಪಕ್ಕ ಕೊಡುತ್ತೇನೆ ಎಂದ. ಕಿಟಕಿ ಯಾರಿಗೆ ಬೇಕು ಎಂದೆ.

೧೦ ಜುಲೈ

ಇವತ್ತೂ ಇಲ್ಲ. ಇನ್ನು ಮೂರು ದಿನ. ದರ್ಗಾದ ಮುಂದಿನ ಹೂವಿನವಳಿಗೂ ಕೇಳಿದ್ದಾಳೆ. ನಮ್ಮ ಓಣಿಯ ಹಾಲಿನವನಿಗೂ. ಅವನು ನೀರು ಬೆರೆಸುತ್ತಾನೆ ಎಂದು ಅಂದದ್ದಕ್ಕಂತೆ. ಅವನು ನೀರು ಬೆರೆಸುವುದು ನಿಜ! ನಿಜ ಹೇಳಿದ್ದಕ್ಕೂ ಮಾಫಿ ಕೇಳುವವಳು ನನ್ನನ್ನು ಮರೆತಿದ್ದಾಳೆ. ಮರೆತಿದ್ದಾಳೆ ಎಂದೇ ಇಟ್ಟುಕೊಳ್ಳಬೇಕು. ಬೇಕೆಂತಲೇ ಬಿಟ್ಟಿದ್ದಾಳೆ ಎಂದರೆ ಸಹಿಸಲಿಕ್ಕಾಗುವುದಿಲ್ಲ.

೧೨ ಜುಲೈ

ಬಸವಂತರಾಯ ಬಂದ. ಬಿಡಿಸುವ ಮಾತೇ ಆಡಲಿಲ್ಲ. ನನ್ನ ಟ್ರಂಕಿನ ಹಿಡಿಕೆ ಸಡಿಲಾಗಿದ್ದನ್ನು ನೋಡಿ ತಂತಿ ಸುತ್ತಿ ಬಿಗಿ ಮಾಡಿದ. ಊರಲ್ಲಿ ಕೇಳಿದವರಿಗೆ ಏನು ಹೇಳಿದೆ ಎಂದೆ. ನಮ್ಮಕ್ಕ ಆರಾಮ ಇರ್ಲಿಕ್ಕ ಹೊಂಟಾಳ ಎಂದು ಹೇಳಿದನಂತೆ. ಅವನ ಮೇಲೆ ಸಿಟ್ಟು ಮಾಡಲು ಇವತ್ತು ಏನೂ ಸಿಗಲಿಲ್ಲ.

೧೪ ಜುಲೈ, ಸೋಮವಾರ. ಕಲ್ಯಾಣ ಸ್ಟೇಶನ್, ಹೆಂಗಸರ ವೇಟಿಂಗ್ ರೂಮು

ಗೋರಖಪುರದ ಗಾಡಿಗೆ ಇನ್ನೂ ಹೊತ್ತಿದೆ. ಎಲ್ಲವನ್ನೂ ಸರಿಯಾಗಿ ಬರೆಯಬೇಕು.

ನಿನ್ನೆ ಗುಲ್ಬರ್ಗಾ ಸ್ಟೇಶನ್ನಿನಲ್ಲಿ ಅವಳನ್ನು ಕಳಿಸಲು ಅರ್ಧ ಆಳಂದವೇ ಬಂದಿತ್ತು. ಕೊರಳು ಕಾಣದಷ್ಟು ಮಾಲೆ. ನಾನು ದೂರದ ನಲ್ಲಿಯ ಹತ್ತಿರ ನನ್ನ ಟ್ರಂಕಿನ ಮೇಲೆ ಕೂತಿದ್ದೆ, ಪಕ್ಕದಲ್ಲಿ ಬಸವಂತರಾಯ. ನನಗೆ ಯಾರೂ ಮಾಲೆ ತಂದಿರಲಿಲ್ಲ. ಆರಾಮಾಗಿರಲು ಹೋಗುವವಳಿಗೆ ಮಾಲೆ ಯಾರು ಹಾಕುತ್ತಾರೆ? ಗಾಡಿ ಬಂತು. ಅವಳ ಡಬ್ಬಿ ಮುಂದೆ, ನನ್ನದು ಹಿಂದೆ. ಹತ್ತುವಾಗ ಅವಳು ತಿರುಗಿ ನೋಡಿದಳು. ನಾನು ನೋಡದವಳಂತೆ ಹತ್ತಿದೆ.

ಬೆಳಗಾಗುತ್ತಿದ್ದಂತೆ ಕಣ್ಣು ತೆರೆದರೆ ಎದುರಿನ ಬರ್ತಿನ ಮೇಲೆ ಕೂತಿದ್ದಳು. ಓಡುವ ಗಾಡಿಯಲ್ಲಿ, ಡಬ್ಬಿಯಿಂದ ಡಬ್ಬಿಗೆ, ಆ ಕಾಲು ಎಳೆದುಕೊಂಡು ಬಂದಿದ್ದಳು. ಮಾಲೆಗಳನ್ನೆಲ್ಲ ತೆಗೆದಿಟ್ಟು ಬಂದಿದ್ದಳು. ಮೈಯೆಲ್ಲ ನನ್ನ ಎಣ್ಣೆಯ ವಾಸನೆ. ಹೊರಗೆ ಪುಣೆಯ ಆಚೆಯ ಘಟ್ಟ, ಮೋಡ, ಒಂದರ ಹಿಂದೊಂದು ಸುರಂಗದ ಬೋಗದೆ.

ಮೊದಲು ನಾನೇ ಬಾಯಿಬಿಟ್ಟೆ. ತಿಂಗಳಿಡೀ ತಡೆದಿಟ್ಟದ್ದು. ಆಳಂದದಲ್ಲಿ ಯಾರನ್ನು ಬಿಟ್ಟೆ ನೀನು? ಕಸ್ತೂರಿಬಾಯಿ, ಕರೀಮಸಾಬ, ಹಾಲಿನವ, ಹೂವಿನವಳು. ನಾನೊಬ್ಬಳು ಬೇಡವಾದೆನೇ? ನನ್ನ ಬಾಗಿಲ ಮುಂದೆ ನಿಂತು ಹೋದೆಯಲ್ಲ, ನಾನು ಹಿಂದೆಯೇ ನಿಂತಿದ್ದೆ. ಡಬ್ಬಿಯ ಜನ ಎದ್ದು ನೋಡತೊಡಗಿದರು. ನೋಡಲಿ ಎಂದು ಇನ್ನೂ ಜೋರಾಗಿ ಹೇಳಿದೆ.

ಮಾಫಿ ಕೇಳಿದ್ದರೆ ನೀನು ಏನೆನ್ನುತ್ತಿದ್ದೆ ಎಂದಳು ಅವಳು. ಇಲ್ಲ ಎನ್ನುತ್ತಿದ್ದೆ ಎಂದೆ. ಅದು ಗೊತ್ತಿದೆ ಎಂದಳು.

ಅರ್ಜಿಯ ಮಾತು ಅವಳೇ ತೆಗೆದಳು. "ನಿನಗ ಹೇಳಿದ್ರ ನೀ ಬ್ಯಾಡ ಅಂತಿದ್ದಿ. ನೀ ಬ್ಯಾಡ ಅಂದ್ರ ನಾ ಬಿಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ. ಸಣ್ಣಾಕಿ ಇದ್ದಾಗಿಂದ ನನಗ ಅಲ್ಲಿಗಿ ಹೋಗೂದಿತ್ತು ಬೇ. ನಾ ಅದನ್ನೂ ಬಯಸೇನಿ, ನಿನ್ನ ಕೆರೀನೂ ಬಯಸೇನಿ."

ಮೂರು ವರ್ಷ ಪೋಖರಾ ಪೋಖರಾ ಎಂದು ನಾನು ಹೇಳುತ್ತಿದ್ದಾಗ ಅವಳು ಹೂಂ ಎನ್ನುತ್ತಿದ್ದಳು. ಬೇರೆ ಏನಾದರೂ ಬೇಕೇ ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ. ಆದರೂ ಬಿಟ್ಟುಕೊಡದೆ, ಸರಿ, ಹೋಗು, ಮಾಫಿ ಯಾಕೆ ಕೇಳಲಿಲ್ಲ ಎಂದೆ.

"ಊರ ಮಂದೀಗಿ ಕೇಳಿದ್ದು ಯಾಕ? ನಾ ಅಲ್ಲೇ ಸತ್ರ ಅವರ ಕೂಡ ಏನೂ ಬಾಕಿ ಉಳೀಬಾರ್ದು ಅಂತ. ನಿನ್ನ ಕೂಡ ಬಾಕಿ ಮುಗಿಸಿ ಹೋಗ್ಲಿಕ್ಕ ನನಗ ಮನಸಾಗ್ಲಿಲ್ಲ. ಮೂರು ಸಲ ನಿನ್ನ ಓಣಿತನಕ ಬಂದೆ. ಮಾಫಿ ಕೇಳಿದ್ರ ಎಲ್ಲಾ ಮುಗಿಸಿ ಹೊಂಟಂಗ ಆಗ್ತದ ಅನಿಸ್ತು. ತಿರುಗಿ ಹೋದೆ."

ಅವರ ಮೌಲವಿ ಸಾಹೇಬರು ಇವಳನ್ನು 'ಯಾರನ್ನಾದರೂ ಬಿಟ್ಟಿದ್ದೀರಾ' ಎಂದು ಕೇಳಿದ್ದರಂತೆ. ಒಬ್ಬಳನ್ನು ಬಿಟ್ಟಿದ್ದೇನೆ ಎಂದಳಂತೆ. ಹೆಚ್ಚು ನೋಯಿಸಿದವರನ್ನೇ ಮೊದಲು ಕೇಳಬೇಕಿತ್ತು, ಇಂಥ ಭಾರ ಇಟ್ಟುಕೊಂಡು ಹೋಗುವುದು ನಿಮ್ಮ ಹಜ್‌ಗೆ ಒಳ್ಳೆಯದಲ್ಲ ಎಂದು ಅವರು ಹೇಳಿದರಂತೆ. ಇಟ್ಟುಕೊಂಡೇ ಹೊರಟಿದ್ದಾಳೆ. ರೋಜಾದ ದಿನ ಗುಟುಕು ನೀರನ್ನೂ ಮುಟ್ಟದ ಹೆಂಗಸು, ಜೀವಮಾನವಿಡೀ ಬಯಸಿದ ಹಜ್‌ಗೆ ಮನಸ್ಸಿನಲ್ಲಿ ಮುಳ್ಳಿಟ್ಟುಕೊಂಡು ಹೊರಟಿದ್ದಾಳೆ, ನನ್ನಿಂದಾಗಿ. ಇದನ್ನು ಕೇಳಿದ ಮೇಲೆ ನನಗೆ ಬಂದ ಸಿಟ್ಟು ಈ ಒಂದೂವರೆ ತಿಂಗಳಲ್ಲಿ ಬಂದಿರಲಿಲ್ಲ. ಇಷ್ಟು ದೊಡ್ಡದನ್ನು ನನ್ನ ತಲೆಯ ಮೇಲೆ ಹೊರಿಸಲು ಇವಳಿಗೆ ಯಾರು ಹೇಳಿದರು?

ಕಲ್ಯಾಣ ಬಂತು. ಜಹೀರುದ್ದೀನ ಹುಡುಕಿಕೊಂಡು ಬಂದಿದ್ದ. ಪಾಪ, ಏನೂ ಕೇಳದೆ ನನ್ನ ಟ್ರಂಕು ಇಳಿಸಿಕೊಟ್ಟ. ಅವಳು ಕಿಟಕಿಯ ಸರಳಿಗೆ ಮುಖ ಹಚ್ಚಿ ಕೂತಿದ್ದಳು. ಪೋಖರಾದಲ್ಲಿ ಚಳಿ ಶುರುವಾಗುವ ಮೊದಲು ಬರುತ್ತೇನೆ, ಹಜ್ ಮಾಡಿ ಬಂದವಳನ್ನು ತಡೆಯುವವರು ಯಾರಿದ್ದಾರೆ, ಆದರೆ ಕೈಯಲ್ಲಿ ಪಿಂಚಣಿ ಬಿಟ್ಟರೆ ಏನೂ ಉಳಿದಿಲ್ಲ ಎಂದಳು. ಪಿಂಚಣಿ ಸಾಕು ಎಂದೆ. ಮಾಫಿ ಮಾತ್ರ ಅಲ್ಲಿಗೆ ಬಂದ ಮೇಲೇ ಕೇಳುತ್ತೇನೆ, ಅಲ್ಲಿಯತನಕ ಸಿಟ್ಟು ಇಟ್ಟುಕೋ ಎಂದಳು.

ಗಾರ್ಡು ಸೀಟಿ ಹೊಡೆದ. ಸಿಟ್ಟು ಇಟ್ಟುಕೊಳ್ಳಬಹುದಿತ್ತು. ಅದೇ ಅವಳಿಗೂ ಬೇಕಾಗಿತ್ತು, ನನಗೂ. ಆದರೆ ಹೆಂಗಸೊಬ್ಬಳು ತನ್ನ ದೇವರ ಮುಂದೆ ಹೋಗಿ ನಿಂತಾಗ ನಡುವೆ ನಾನು ಅಡ್ಡ ನಿಂತಿರಬೇಕೇ? ಗಾಡಿ ಅಲುಗಿದಾಗ ಕಿಟಕಿಯ ಜೊತೆ ಎರಡು ಹೆಜ್ಜೆ ನಡೆದು ಹೇಳಿಬಿಟ್ಟೆ.

"ಮೆಹರಾಜ, ಎಲ್ಲಾ ಮಾಫ್ ಅದ. ಹಗುರಾಗಿ ಹೋಗು."

ಅವಳ ಬಾಯಿ ತೆರೆಯಿತು. ಮುಖ ಕೆಂಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಅವಳಿಗೆ ನನ್ನ ಮೇಲೆ ಇಷ್ಟು ಸಿಟ್ಟು ಬಂದದ್ದನ್ನು ನಾನು ನೋಡಿರಲಿಲ್ಲ. ಸರಳುಗಳ ನಡುವೆ ಕೈ ಹೊರಗೆ ಹಾಕಿ, ಬೆರಳು ತೋರಿಸಿ ಕೂಗಿದಳು.

"ನಾ ಕೇಳಿದ್ನೇನ್ ಬೇ? ಕೇಳದ ಯಾಕ ಕೊಟ್ಟಿ? ತಡಿ, ಅಲ್ಲಿಗಿ ಬಂದು ನಿನ್ನ ನೋಡ್ಕೋತೇನಿ!"

ಇನ್ನೂ ಏನೇನೋ ಬೈದಳು, ಗಾಡಿಯ ಸಪ್ಪಳದಲ್ಲಿ ಕೇಳಿಸಲಿಲ್ಲ. ಬೆರಳು ಮಾತ್ರ ಬಹಳ ದೂರದತನಕ ಕಾಣಿಸಿತು. ಅಷ್ಟು ಸಿಟ್ಟು ಹೊತ್ತುಕೊಂಡು ಹೋದವಳು ಬರದೆ ಇರುವುದಿಲ್ಲ.